ಎಳೆ ಮೀಟುವವಳು

ನಮ್ಮ ಮನೆಯಲ್ಲಿ ಈ ಕಥೆಯನ್ನು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾರೆ. ಕುಮುದ ಪಂಚಮಿ ಹಬ್ಬಕ್ಕೆ ತವರಿಗೆ ಬಂದಳು. ಗಂಡನ ಮನೆಯವರು ಕರೆಯಲು ಬಂದಿದ್ದರು. ಉಡಿ ತುಂಬಿಸಿಕೊಂಡು ಹೋದಳು. ಮದುವೆ ಮುಂಜಿಗಳಲ್ಲಿ ಯಾರಾದರೂ ಕುಮುದತ್ತಿಯ ವಿಷಯ ತೆಗೆದರೆ ಅಪ್ಪ ತನ್ನ ತಂಗಿಯ ಬಗ್ಗೆ ಈ ಮೂರನ್ನೇ, ಇದೇ ಕ್ರಮದಲ್ಲಿ ಹೇಳುತ್ತಾನೆ. ಕೇಳಿದವರು ತಲೆಯಾಡಿಸಿ ಎಲೆಯ ಮೇಲಿನ ಅನ್ನ ಕಲೆಸಿಕೊಳ್ಳುತ್ತಾರೆ. ವಾದಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಎದುರಾಳಿಯ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕುವುದು ನನಗೆ ಚಟವಾಗಿಬಿಟ್ಟಿದೆ. ಈ ಮೂರು ವಾಕ್ಯಗಳನ್ನು ವರ್ಷಗಟ್ಟಲೆ ಹಿಂದೆಮುಂದೆ ಮಾಡಿ ನೋಡಿದ್ದೇನೆ. ಒಂದರಲ್ಲೂ ಸುಳ್ಳಿಲ್ಲ. ಬಂದದ್ದು ನಿಜ, ಅವರು ಬಂದಿದ್ದದ್ದೂ ನಿಜ, ಹೋದದ್ದೂ ನಿಜ. ಆದರೆ ಮೊದಲ ವಾಕ್ಯಕ್ಕೆ ಮುಂಚೆ ಇನ್ನೊಂದು ಇರಬೇಕಿತ್ತು, ಅದನ್ನು ಬಿಟ್ಟಿದ್ದಾರೆ. ನನ್ನ ಮೇಲಿನ ಮಮತೆಯಿಂದ ಬಿಟ್ಟರೋ ತಮ್ಮ ಮೇಲಿನ ಮಮತೆಯಿಂದ ಬಿಟ್ಟರೋ ಹೇಳಲಾರೆ. ಆ ವಾಕ್ಯ ಇದು: ಅವಳನ್ನು ಕರೆಸಿದವಳು ನಾನು. ನನಗಾಗ ಹತ್ತು ವರ್ಷ. ಜೇಡವೊಂದನ್ನು ತೋರಿಸುತ್ತೇನೆಂದು ಸುಳ್ಳು ಹೇಳಿ ಕರೆಸಿದೆ.

ಅಪ್ಪನ ಕಾರ್ಖಾನೆಯವರು ಹೈದರಾಬಾದಿನ ಸನತ್‌ನಗರದಲ್ಲಿ ಕೊಟ್ಟ ಮನೆ ಅದು. ಮುಂದೊಂದು ಖೋಲಿ, ನಡುವೊಂದು ಖೋಲಿ, ಅಡುಗೆಮನೆ, ಅದರ ಹಿಂದೆ ಸಿಮೆಂಟ್ ಶೀಟು ಹೊದಿಸಿದ ಒಂದು ಪಡಸಾಲೆ. ಅದನ್ನು ನಾವು ಹಿತ್ತಲ ಎನ್ನುತ್ತಿದ್ದೆವು. ರಸ್ತೆಯಾಚೆಯ ಶೆಡ್ಡಿನಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ಸು ಬಿದ್ದಾಗಲೆಲ್ಲ ಹಿತ್ತಲ ಕಿಟಕಿಯ ಸರಳುಗಳು ಗುಂಯ್ ಎನ್ನುತ್ತಿದ್ದವು, ಗೂಡಿನೊಳಗಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಬಂದ ನೆಂಟರು ಬೆಚ್ಚಿಬೀಳುತ್ತಿದ್ದರು. ನಮಗೆ ಸದ್ದು ನಿಂತಾಗಲೇ ಏನೋ ಆಗಿದೆ ಅನಿಸುತ್ತಿತ್ತು. ಅಪ್ಪ, ಅವ್ವ, ಅಜ್ಜಿ, ನಾನು, ಇಷ್ಟೇ ಜನ ಇದ್ದ ಆ ಮನೆಗೆ ನಾನು ಎಂಟು ವರ್ಷದವಳಿದ್ದಾಗ ಕುಮುದತ್ತಿ ಒಂದು ಟ್ರಂಕು ಹಿಡಿದು ರಾಯಚೂರಿನಿಂದ ಬಂದಿಳಿದಳು. ಅವಳ ಎಡಗೈಯ ಎರಡು ಬೆರಳು ಸೊಟ್ಟಗಾಗಿ ಹಾಗೆಯೇ ಕೂಡಿಕೊಂಡಿದ್ದವು. “ಬಾಗಲದಾಗ ಸಿಕ್ಕಿತ್ತು” ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದಳು. ನಾನು ಅತ್ತಿಯನ್ನೇ ಕೇಳಿದೆ.

“ಬಾಗಲದಾಗ ಬೆರಳು ಹೆಂಗ ಸಿಕ್ತು ಅತ್ತಿ?”

“ಬಾಗಲಾ ಹಾಕಿದಾವ್ರು ಯಾರು ಅಂತ ಮೊದಲ ಕೇಳಬೇಕು, ಸುಮಿ. ಹೆಂಗ ಅನ್ನೂದು ಆಮ್ಯಾಲೆ.”

ನನಗೆ ಸಿಕ್ಕ ಮೊದಲ ವಾದಪಾಠ ಅದು.

ಒಂದೆರಡು ತಿಂಗಳಲ್ಲಿ ಅತ್ತಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕೆಲಸ ಹಿಡಿದಳು. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಹುಡುಗಿಯರಿಗೆ ಜಿರಲೆ ಕೊಯ್ದು ತೋರಿಸುವ ಕೆಲಸ. ಅಜ್ಜಿಗೆ ಅದನ್ನು ಕೇಳಿಯೇ ಮೈಲಿಗೆಯಾಯಿತು. ಆದರೆ ಅವರಿಬ್ಬರ ನಿಜವಾದ ಯುದ್ಧ ನಡೆದದ್ದು ಜೇಡರ ಬಲೆಯ ಮೇಲೆ. ಅಜ್ಜಿ ಬಿದಿರು ಗಳಕ್ಕೆ ಕಸಬರಿಗೆ ಕಟ್ಟಿಕೊಂಡು ವಾರಕ್ಕೊಮ್ಮೆ ಮೂಲೆ ಮೂಲೆ ಬಡಿಯುವವಳು. ಅತ್ತಿ ಆ ಗಳಕ್ಕೆ ಅಡ್ಡ ನಿಲ್ಲುವವಳು.

“ಹಾಳುಮನಿಯಂಗ ಬಲಿ ಬಿಟಗೊಂಡು ಕುಂತ್ರ ಲಕ್ಷ್ಮಿ ಒಳಗ ಬರತಾಳೇನ?”

“ಲಕ್ಷ್ಮಿ ಬರಲಿ ಬಿಡಲಿ, ಸೊಳ್ಳಿ ಅಂತೂ ಹೊರಗ ಹೋಗತಾವ, ಅವ್ವಾ.”

ಕೊನೆಗೆ ಸಂಧಾನ ಮಾಡಿದವಳು ನಮ್ಮವ್ವ. ದೇವರ ಮಾಡ, ಅಡುಗೆಮನೆ, ನಡುವಿನ ಖೋಲಿ ಅಜ್ಜಿಯದು, ಹಿತ್ತಲು ಕುಮುದತ್ತಿಯದು. ಅಂದಿನಿಂದ ನಾನೂ ಅತ್ತಿಯೂ ಸಂಜೆ ಹಿತ್ತಲಲ್ಲೇ ಊಟಕ್ಕೆ ಕೂರುತ್ತಿದ್ದೆವು. ತೊಡೆಯ ಮೇಲೆ ತಾಟು, ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಲೆ, ಕಣ್ಣು ಮಾತ್ರ ಗೋಡೆಯ ಮೇಲೆ. ಅಲ್ಲಿ ಉಗುರಿನಷ್ಟಗಲದ ಬಿಳಿ ಚುಕ್ಕೆಗಳಿದ್ದವು. ಸುಣ್ಣ ಎದ್ದಿದೆ ಎಂದು ನಾನು ತಿಳಿದಿದ್ದೆ. ಪ್ರತಿಯೊಂದೂ ಒಂದು ಸಣ್ಣ ಜೇಡದ ಚಾದರ ಎಂದು ಅತ್ತಿ ತೋರಿಸಿದಳು. ಇರುವೆಯೊಂದು ಅದರ ಅಂಚಿಗೆ ತಾಗಿದರೆ ಒಳಗಿನಿಂದ ಚಾದರದ ಒಡತಿ ಹೊರಬರುತ್ತಾಳೆ. ಇರುವೆಯನ್ನು ಕಚ್ಚುವುದಿಲ್ಲ, ಹಿಡಿಯುವುದೂ ಇಲ್ಲ. ಅದರ ಸುತ್ತ ಓಡುತ್ತಾಳೆ. ಹಿಂಬದಿಯಿಂದ ನೂಲು ಬಿಡುತ್ತ ಸುತ್ತು, ಸುತ್ತು, ಸುತ್ತು. ಇರುವೆ ಮೊದಲು ಒಂದು ಕಾಲು ಎಳೆದುಕೊಳ್ಳಲು ನೋಡುತ್ತದೆ, ಆಮೇಲೆ ಎರಡು, ಆಮೇಲೆ ಎಳೆದುಕೊಳ್ಳಲು ಕಾಲೇ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಅವಳು ಹತ್ತಿರ ಹೋಗಿ ಮೆಲ್ಲನೆ ಬಾಯಿಡುತ್ತಾಳೆ. ಒಂದು ದಿನ ಅಜ್ಜಿಯೂ ಬಗ್ಗಿ ನೋಡಿದಳು.

“ಎಲಾ ಇದರ! ಪ್ರದಕ್ಷಿಣಿ ಹಾಕಾಕತ್ತೈತಲ್ಲ!”

“ಹೂಂ ಅವ್ವಾ. ಪ್ರದಕ್ಷಿಣಿ ಮುಗಿಯೂದ್ರಾಗ ದೇವರು ಸತ್ತಿರತೈತಿ.”

ಅಜ್ಜಿ ಎರಡು ದಿನ ಮಗಳೊಡನೆ ಮಾತು ಬಿಟ್ಟಳು. ಆದರೆ ಮೂರನೆಯ ದಿನ ಯಾರೂ ಇಲ್ಲದಾಗ ಒಂದು ಸಕ್ಕರೆ ಹರಳನ್ನು ಆ ಬಿಳಿ ಚುಕ್ಕೆಯ ಹತ್ತಿರ ಅಂಟಿಸಿ ಇರುವೆ ಬರುವುದನ್ನು ಕಾಯುತ್ತ ಕೂತಿದ್ದುದನ್ನು ನಾನು ಕಂಡೆ. ಇದನ್ನು ಅತ್ತಿಗೆ ಹೇಳಲಿಲ್ಲ. ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳದಿರುವ ಬುದ್ಧಿ ನನಗೆ ಆಗ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಹತ್ತು ವರ್ಷದ ಕೂಸಿಗೆ ಏನು ತಿಳಿಯುತ್ತದೆ ಎನ್ನುವವರು ಗಮನಿಸಬೇಕು.

ಅದೇ ಗೋಡೆಯ ಮೇಲೆ ಉಗುಳುವ ಜೇಡವೂ ಒಬ್ಬಳಿದ್ದಳು. ಮೈತುಂಬ ಚುಕ್ಕೆ, ಬೆನ್ನು ಗೂನು, ನಡಿಗೆ ಹಬ್ಬದ ಊಟ ಮಾಡಿದ ಮುದುಕಿಯದು. ಬಲೆ ಇಲ್ಲ. ಸೊಳ್ಳೆಯೊಂದು ಗೋಡೆಗೆ ಕೂತರೆ ಎರಡು ಬೆರಳಷ್ಟು ದೂರ ನಿಂತು, ಮುಂದಿನ ಕಾಲನ್ನು ಗಾಳಿಯಲ್ಲಿ ಆಡಿಸಿ ಅಳೆಯುತ್ತಾಳೆ. ಆಮೇಲೆ ಏನಾಯಿತೆಂದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಸೊಳ್ಳೆ ಮಾತ್ರ ಎರಡು ಕಡೆಯಿಂದ ಟಾಕು ಹಾಕಿದ ಹಾಗೆ ಗೋಡೆಗೆ ಹೊಲಿದುಹೋಗಿರುತ್ತದೆ. ಅಂಟನ್ನು ಉಗುಳಿರುತ್ತಾಳೆ. ಅತ್ತಿ ತನ್ನ ಭೂತಗನ್ನಡಿಯನ್ನು ಸೊಟ್ಟ ಬೆರಳುಗಳ ನಡುವೆ ಸಿಕ್ಕಿಸಿ ಹಿಡಿದು ನನಗೆ ಅವಳ ಮುಖ ತೋರಿಸಿದಳು.

“ಎಣಿಸು.”

“ಆರು ಕಣ್ಣು.”

“ಹಾಂ. ಈಕಿಗೆ ಆರು. ನಮ್ಮ ಹಿತ್ತಲದಾಗ ಬ್ಯಾರೆ ಯಾರನ್ನ ಹಿಡಿದು ನೋಡು, ಎಂಟು. ಮರೀಬ್ಯಾಡ.”

ಬಚ್ಚಲುಮನೆಯಲ್ಲಿ ಅಂಗೈಯಗಲದ ಓಟಗಾರ್ತಿಯೂ ಇದ್ದಳು. ಅವಳು ಜಿರಲೆಯ ಮೇಲೆ ಹಾರಿ ಬೀಳುವುದನ್ನು ನೋಡಿ ಅವ್ವ ತಂಬಿಗೆ ಬಿಟ್ಟು ಓಡಿ ಬಂದದ್ದುಂಟು. ಆದರೆ ನಾವು ಕಾದು ಕೂತದ್ದು ನಾವೆಂದೂ ನೋಡಿರದ ಒಬ್ಬಳಿಗಾಗಿ. ಕಾಲೇಜಿನ ಲೈಬ್ರರಿಯ ಯಾವುದೋ ಪತ್ರಿಕೆಯಲ್ಲಿ ಅತ್ತಿ ಅವಳ ಬಗ್ಗೆ ಓದಿದ್ದಳು. ಅವಳು ಜೇಡಗಳನ್ನೇ ತಿನ್ನುವ ಜೇಡ. ಒಣಗಿದ ಎಲೆಯ ಚೂರೊಂದು ಧೂಳಿನಲ್ಲಿ ಹೊರಳಿ ಎದ್ದಂಥ ಮೈ. ಇನ್ನೊಬ್ಬಳ ಬಲೆಯ ಅಂಚಿಗೆ ಬಂದು ಕಾಲಿನಿಂದ ಎಳೆಯನ್ನು ಮೀಟುತ್ತಾಳೆ. ಹುಳ ಸಿಕ್ಕಿ ಒದ್ದಾಡಿದರೆ ಎಳೆ ಹೇಗೆ ಅದುರುತ್ತದೋ ಹಾಗೆ. ಬಲೆಯ ಒಡತಿ ಊಟ ಬಂತೆಂದು ತಾನಾಗಿ ಇಳಿದು ಬರುತ್ತಾಳೆ, ಊಟವಾಗುತ್ತಾಳೆ.

“ಒಡತಿಗೆ ಗೊತ್ತಾಗಂಗಿಲ್ಲೇನು?”

“ಅಕಿ ಕಣ್ಣು ಭಾಳ ಮಂದ. ಎಳಿ ಹೆಂಗ ಅದರತೈತಿ ಅನ್ನೂದರ ಮ್ಯಾಲೆ ಅಕಿ ಬದುಕು. ಎಳಿ ಹೇಳಿದ್ದನ್ನ ನಂಬದೇ ಇದ್ರ ಉಪಾಸ ಸಾಯತಾಳ.”

“ನೀ ನೋಡೀಯೇನು?”

“ಇಲ್ಲ. ಪುಸ್ತಕದಾಗ ಐತಿ. ನೋಡೂತನಕಾ ನಂಬಬ್ಯಾಡ, ನಾ ಹೇಳಿದ್ರೂ ನಂಬಬ್ಯಾಡ. ಕಂಡ್ರ ಮೊದಲ ಕಣ್ಣು ಎಣಿಸು. ಎಂಟಿರಬೇಕು, ಮುಂದಿನ ಎರಡು ಲಾರಿ ದೀಪದಂಗ.”

ಶಾಲೆಯ ವಾದಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವಳೂ ಅವಳೇ. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬ ಹಳೇ ವಿಷಯ. ಪರ ಒಂದು ಸಲ, ವಿರೋಧ ಒಂದು ಸಲ, ಹಿತ್ತಲ ತುಂಬ ಓಡಾಡುತ್ತ ಹೇಳಬೇಕು. ಅವಳು ರೊಟ್ಟಿ ಮುರಿಯುತ್ತ ಅಡ್ಡಪ್ರಶ್ನೆ ಹಾಕುತ್ತಾಳೆ. “ಎದುರಿನಾವ್ರು ಯಾವ ಮಾತು ಕೇಳಾಕ ಕಾಯಕೋತ ಕುಂತಾರ, ಅದನ್ನ ಹುಡುಕು. ಆ ಮಾತಿಲೇ ಶುರು ಮಾಡು. ತಾವಾಗೇ ಬಾಗಲಾ ತೆಗೀತಾರ” ಎನ್ನುತ್ತಿದ್ದಳು. ಸ್ಪರ್ಧೆಯಲ್ಲಿ ನನಗೊಂದು ಸ್ಟೀಲು ಡಬ್ಬಿ ಬಂತು. ಮನೆಗೆ ತಂದು ತೋರಿಸಿದರೆ ಅತ್ತಿ ಡಬ್ಬಿಯನ್ನು ನೋಡಲೂ ಇಲ್ಲ, “ಈಗ ಸೋತಾವ್ರ ಕಡಿಂದ ಮಾತಾಡು” ಎಂದಳು. ಮಾತಾಡಿದೆ. ಗೆದ್ದದ್ದಕ್ಕಿಂತ ಚೆನ್ನಾಗಿ ಮಾತಾಡಿದೆ ಎಂದು ಈಗಲೂ ನನ್ನ ಅಭಿಪ್ರಾಯ.

ನಡುವಿನ ಖೋಲಿಯಲ್ಲಿ ಇನ್ನೊಂದು ವಾದ ಎರಡು ವರ್ಷ ನಡೆಯಿತು, ಅದಕ್ಕೆ ಡಬ್ಬಿ ಕೊಡುವವರಿರಲಿಲ್ಲ. ರಾಯಚೂರಿನಿಂದ ಅತ್ತಿಯ ಭಾವ, ಅಂದರೆ ಗಂಡನ ಅಣ್ಣ, ಅವಳನ್ನು ವಾಪಸು ಕಳಿಸಿರೆಂದು ಆಗಾಗ ಬಂದು ಕೂರುತ್ತಿದ್ದರು. ಭಾಳ ಮೃದು ಮಾತಿನ ಮನುಷ್ಯ. ಅವರು ಹೋದ ಮೇಲೆ ಅಪ್ಪನಿಗೂ ಅತ್ತಿಗೂ ಜಗಳ ಹತ್ತುತ್ತಿತ್ತು. ಅಪ್ಪ ಕೆಟ್ಟವನಲ್ಲ. ಮಷಿನ್ ಶಾಪಿನಲ್ಲಿ ನಲವತ್ತು ಜನರ ಮೇಲೆ ಸೂಪರ್‌ವೈಸರ್ ಆಗಿದ್ದವನು, ಆ ನಲವತ್ತು ಜನರೂ ಅವರ ಹೆಂಡಂದಿರೂ ನಮ್ಮ ಸಾಲಿನಲ್ಲೇ ಇದ್ದರು.

“ಕ್ವಾರ್ಟರ್ಸಿನ್ಯಾಗ ಮಂದಿ ಕೇಳಾಕತ್ತಾರ, ಕುಮುದಾ. ಇನ್ನ ಎಷ್ಟು ದಿನಾ ಅಂತ ಹೇಳಲಿ?”

“ಬೆರಳು ನೆಟ್ಟಗ ಆಗೂತನಕಾ ಅಂತ ಹೇಳು, ಅಣ್ಣಾ.”

ಅಪ್ಪ ತಾಟು ತಳ್ಳಿ ಎದ್ದ. ತಾಟಿನಲ್ಲಿದ್ದ ಮಜ್ಜಿಗೆ ನೆಲದ ಮೇಲೆ ಹರಿದು ಅಜ್ಜಿಯ ಕಾಲಿನವರೆಗೂ ಹೋಯಿತು. ಒರೆಸಲು ಯಾರೂ ಅರಿವೆ ತರಲಿಲ್ಲ. ಮುಂದಿನ ವಾರ ಅತ್ತಿ ಉಪ್ಪಲ್‌ನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದಳು. ಊರಿನ ಈ ತುದಿಯಿಂದ ಆ ತುದಿ, ಎರಡು ಬಸ್ಸು. ಹೋಗುವಾಗ ಭೂತಗನ್ನಡಿಯನ್ನು ನನ್ನ ಕೈಗಿಟ್ಟಳು. “ಹಿತ್ತಲ ಈಗ ನಿಂದು. ಅಜ್ಜಿ ಗಳಾ ತಂದ್ರ ವಾದ ಮಾಡು” ಎಂದಳು. ಅವಳಿಲ್ಲದ ಮನೆಯಲ್ಲಿ ನನ್ನೊಡನೆ ವಾದ ಮಾಡುವವರೇ ಇರಲಿಲ್ಲ. ಅವ್ವನನ್ನು ಏನು ಕೇಳಿದರೂ “ನಿಮ್ಮಪ್ಪನ್ನ ಕೇಳು”, ಅಪ್ಪನನ್ನು ಕೇಳಿದರೆ “ಹೋಗಿ ಓದಕೋ.” ಆ ವರ್ಷವೇ ನಾನು ಒಬ್ಬಳೇ ಎರಡೂ ಪಕ್ಷ ಮಾತಾಡುವುದನ್ನು ಕಲಿತೆ. ಜನ ಇದನ್ನು ಜಾಣತನ ಎನ್ನುತ್ತಾರೆ. ಅದು ಒಂಟಿತನ.

ಶ್ರಾವಣ ಬಂತು. ನಮ್ಮ ಕಡೆಯವರಲ್ಲಿ ನಾಗಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಕರೆದರೆ ಬರಬೇಕು. ಕರೆ ಬರದವಳದು ಕೇಡು, ಕರೆದರೂ ಬಾರದವಳದು ಸೊಕ್ಕು. ಹೈದರಾಬಾದಿಗೆ ಬಂದು ಎರಡು ತಲೆಮಾರಾದರೂ, ಮನೆ ಹೊರಗೆ ತೆಲುಗು ಹಿಂದಿ ಮಾತಾಡಿದರೂ, ಈ ಒಂದು ಕಟ್ಟಳೆ ಬಿಟ್ಟಿರಲಿಲ್ಲ. ಅಪ್ಪ ಉಪ್ಪಲ್‌ಗೆ ಹೋದ. ಅತ್ತಿ ಅವನನ್ನು ಹಾಸ್ಟೆಲಿನ ಗೇಟಿನ ಬಳಿ ನಿಲ್ಲಿಸಿ ಚಹಾ ಕುಡಿಸಿ ಕಳಿಸಿದಳು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಗೆ ತುಂಬಿ ಕಳಿಸಿದಳು. ಖಾಲಿ ಡಬ್ಬಿ ತೊಳೆದು ವಾಪಸು ಬಂತು. ಅಜ್ಜಿ ಕಾಗದ ಬರೆಸಿದಳು.

“ಸಾಯಾಕತ್ತೀನಿ ಅಂತ ಬರಿಸಿದೆ ನೋಡು. ‘ಡಾಕ್ಟರ್ ಚೀಟಿ ಕಳಿಸು’ ಅಂತ ಬರದಾಳ, ಹೊಟ್ಟ್ಯಾಗಿನ ಮಗಳು!”

ಆ ಸಂಜೆ ಅಪ್ಪ ಅಜ್ಜಿಗೆ ಹೇಳಿದ್ದು ನನಗೆ ಕೇಳಿಸಿತು. ಬಾಗಿಲ ಹಿಂದೆ ಇದ್ದೆ, ಬೇಕೆಂದೇ ಇದ್ದೆ. “ರಾಯಚೂರಿನಾವ್ರೂ ಪಂಚಮಿ ದಿನಾನ ಬರತಾರ. ಎದುರಾಎದುರು ಕುಂದ್ರಿಸಿ ಮಾತಾಡಿಸಿಬಿಡೋಣು. ಆದ್ರ ಇಕಿ ಬರಬೇಕಲ್ಲ?” ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು: ನನಗೆ ಗೊತ್ತಿತ್ತು. ಅವರು ಬರುತ್ತಾರೆಂದು ಗೊತ್ತಿದ್ದೇ ಕರೆದೆ. ಎದುರಾಎದುರು ಕೂರಿಸಿ ಮಾತಾಡಿಸುತ್ತಾರೆ ಎಂದರೆ ಏನೆಂದು ನಾನು ತಿಳಿದೆ ಗೊತ್ತೇ? ವಾದ. ಒಬ್ಬರು ಪರ, ಒಬ್ಬರು ವಿರೋಧ, ಇಬ್ಬರಿಗೂ ಸಮಾನ ಸಮಯ, ಕೊನೆಗೊಂದು ತೀರ್ಪು. ವಾದದಲ್ಲಿ ಕುಮುದತ್ತಿ ಸೋತದ್ದನ್ನು ನಾನು ಕಂಡೇ ಇರಲಿಲ್ಲ. ಒಂದು ಸಲ ಅವಳು ಆ ಮೃದು ಮಾತಿನವರ ಎದುರು ಕೂತು ಬಾಯಿ ತೆರೆದರೆ ಸಾಕು, ಗೆದ್ದು ಮತ್ತೆ ಹಿತ್ತಲಿಗೆ ಬರುತ್ತಾಳೆ. ಅವಳು ಬಾರದಿರುವುದೊಂದೇ ನನ್ನ ಲೆಕ್ಕದಲ್ಲಿ ಸೋಲು. ಹೀಗೆ ತಪ್ಪು ತಿಳಿಯುವ ಮಗುವನ್ನು ತಯಾರು ಮಾಡಿದವಳು ಅವಳೇ.

“ನಿನ್ನ ಮಾತು ಕೇಳತಾಳ ಅಕಿ. ಹಬ್ಬಕ್ಕ ಬಾ ಅನ್ನು, ಸಾಕು” ಎಂದ ಅಪ್ಪ.

“ಹಬ್ಬ ಅಂದ್ರ ಬರಂಗಿಲ್ಲ ಅಪ್ಪಾ. ನನಗ ಬಿಡು.”

ಬಸ್ ಸ್ಟಾಪಿನ ಹತ್ತಿರದ ಫೋನ್ ಬೂತಿನಲ್ಲಿ ಅಪ್ಪ ನಂಬರು ಒತ್ತಿ ರಿಸೀವರ್ ನನ್ನ ಕೈಗೆ ಕೊಟ್ಟು, ಪಕ್ಕದಲ್ಲೇ ಗಾಜಿಗೆ ಒರಗಿ ನಿಂತ. ಆ ಕಡೆ ಹಾಸ್ಟೆಲಿನ ಮೇಟ್ರನ್ “ಎವರು ಕಾವಾಲಿ?” ಎಂದು, ಯಾರು ಬೇಕೆಂದು, ತೆಲುಗಿನಲ್ಲಿ ಗದರಿದರು. “ಕುಮುದ ಮೇಡಂ ಕಾವಾಲಂಡಿ” ಎಂದೆ. ಚಪ್ಪಲಿ ಸಪ್ಪಳ ಬಹಳ ಹೊತ್ತು ಹತ್ತಿರ ಬಂತು.

“ಸುಮಿ? ಯಾರು ಹಚ್ಚಿಕೊಟ್ರು ಫೋನು? ಅಪ್ಪ ಬಾಜೂಕ ಅದಾನೇನು?”

“ಇಲ್ಲ. ಡ್ಯೂಟಿಗೆ ಹೋಗ್ಯಾನ.” ಅಪ್ಪ ನೆಲ ನೋಡಿದ. “ಅತ್ತಿ, ಅಕಿ ಬಂದಾಳ. ಎಳಿ ಮೀಟಾಕಿ.”

ಆ ಕಡೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದಾಯಿತು.

“ಹಿತ್ತಲ ಕಿಟಕ್ಯಾಗ, ಮ್ಯಾಲಿನ ಬಲಿ ಅಂಚಿಗೆ ಕುಂತಾಳ. ಒಣಾ ಎಲಿ ಇದ್ದಂಗ ಅದಾಳ. ಪಂಚಮಿ ಮುಗಿಯೂತನಕಾ ಅಜ್ಜಿ ಬಲಿ ಮುಟ್ಟಂಗಿಲ್ಲ, ಮರುದಿನ ಬಡೀತೀನಿ ಅಂದಾಳ. ಪಂಚಮಿ ದಿನಾನ ಬಾ.”

“ಎಷ್ಟು ಕಣ್ಣು?”

“ಆರು.”

“ಎಣಿಸಿದಿ?”

“ನಿನ್ನ ಗಾಜಿನ್ಯಾಗ ನೋಡಿ ಎಣಿಸೀನಿ. ಎರಡು ಸಲ.”

“ಆರಾ.”

“ಆರು.”

ಹಿಂದೆ ಯಾರೋ ಬಕೆಟ್ ಎಳೆದ ಸದ್ದು ಬಂತು. ಆಮೇಲೆ, “ಆತು, ಬರತೀನಿ. ಅಜ್ಜಿಗೆ ಹೇಳು, ಗಳಾ ಕೆಳಗ ಇಡು ಅಂತ” ಎಂದಳು. ನಾನು ಫೋನಿಟ್ಟಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಗೆದ್ದ ಆ ಸಂತೋಷ ನನಗೆ ಇನ್ನೂ ನೆನಪಿದೆ. ಅದನ್ನು ಮರೆಯಲು ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಪಂಚಮಿಯ ದಿನ ನಮ್ಮಲ್ಲಿ ಏನನ್ನೂ ಹೆಚ್ಚುವಂತಿಲ್ಲ, ಒಲೆಯ ಮೇಲೆ ಹಂಚಿಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಯಾವ ಜೀವಕ್ಕೂ ನೋವಾಗಬಾರದು. ಅವ್ವ ಕಡುಬು ಬೇಯಿಸಿದ್ದಳು. ಜೋಳದ ಅಳ್ಳು, ಉಂಡಿ ತುಂಬಿದ ದೊಡ್ಡ ಪರಾತ ನಡುವಿನ ಖೋಲಿಯಲ್ಲಿತ್ತು. ಹಿತ್ತಲ ಕಬ್ಬಿಣದ ಪೈಪಿಗೆ ಅಪ್ಪ ಹಗ್ಗ ಹಾಕಿ ಜೋಕಾಲಿ ಕಟ್ಟಿದ್ದ. ಕಾರ್ಖಾನೆಗೆ ಪಂಚಮಿಯ ರಜೆ ಇಲ್ಲ, ಅಪ್ಪನೊಬ್ಬನೇ ರಜೆ ಹಾಕಿದ್ದ. ಪ್ರೆಸ್ಸು ಎಂದಿನಂತೆ ಬೀಳುತ್ತಿತ್ತು. ರಾಯಚೂರಿನವರು ಬೆಳಿಗ್ಗೆಯೇ ಬಂದು ಎದುರು ಮನೆಯಲ್ಲಿ ಕೂತಿದ್ದರು. ಹತ್ತು ಗಂಟೆಗೆ ಅತ್ತಿ ಬಂದಳು. ನೀಲಿ ಸೀರೆ, ಕಂಕುಳಲ್ಲಿ ಚಿತ್ರ ಬರೆಯುವ ನೋಟುಬುಕ್ಕು. ಚಪ್ಪಲಿ ಬಿಡುವುದನ್ನೂ ಮರೆತು ಮೂರು ಖೋಲಿ ದಾಟಿ ನೇರ ಕಿಟಕಿಗೆ ಹೋದಳು. ಅಜ್ಜಿ “ಚಪ್ಪಲಿ, ಚಪ್ಪಲಿ!” ಎಂದು ಕೂಗಿದಳು.

“ಎಲ್ಲದಾಳ?”

ನಾನು ಬೆರಳು ತೋರಿಸಿದೆ. ಮೇಲಿನ ಮೂಲೆಯಲ್ಲಿ ಹಳೆಯ ಬಲೆಯೊಂದು ಧೂಳು ಹಿಡಿದು ಜೋತಾಡುತ್ತಿತ್ತು. ಅತ್ತಿ ಅದನ್ನು ನೋಡಿದಳು. ಖಾಲಿ ಬಲೆಯನ್ನು ನೋಡಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಬಹಳ ಹೆಚ್ಚು ಹೊತ್ತು ನೋಡಿದಳು. ಪ್ರೆಸ್ಸು ಬಿತ್ತು, ಸರಳು ಗುಂಯ್ ಎಂದಿತು, ಮತ್ತೆ ಬಿತ್ತು. ಅವರು ಮುಂಬಾಗಿಲಿನಿಂದ ಒಳಬಂದದ್ದು ನಮಗೆ ಕೇಳಿಸಲಿಲ್ಲ. ತಿರುಗಿದಾಗ ಅಡುಗೆಮನೆಯ ಬಾಗಿಲಲ್ಲಿ ಅವಳ ಅತ್ತೆ ಇದ್ದರು, ಅವರ ಹಿಂದೆ ಭಾವ, ಅವರ ಹಿಂದೆ ಗಂಡ, ಅವನ ಹಿಂದೆ ಅಪ್ಪ.

ನಾನು ಹೋಗಿ ನಡುವಿನ ಖೋಲಿಯ ಗೋಡೆಗೆ ಒರಗಿ ನಿಂತೆ, ವಾದ ಕೇಳುವವರು ನಿಲ್ಲುವ ಹಾಗೆ. ಅವಳನ್ನು ತಂದು ಮಣ್ಣಿನ ನಾಗಪ್ಪನ ಮುಂದೆ ಮಣೆಯ ಮೇಲೆ ಕೂರಿಸಿದರು. ಅತ್ತಿ ಬಾಯಿ ತೆರೆದಳು.

“ಅಣ್ಣಾ, ನಂದೊಂದು ಮಾತು ಕೇಳು.”

“ಮೊದಲ ಉಡಿ ತುಂಬಲಿ. ಆಮ್ಯಾಲೆ ಮಾತು” ಎಂದ ಅಪ್ಪ, ಬಹಳ ಮೆತ್ತಗೆ.

ಉಡಿ ತುಂಬುವುದೆಂದರೆ ಮಗಳನ್ನು ಗಂಡನ ಮನೆಗೆ ಕಳಿಸುವ ಶಾಸ್ತ್ರ. ಅವಳು ಎರಡೂ ಕೈಯಿಂದ ಸೆರಗು ಒಡ್ಡಬೇಕು; ಹೆತ್ತವ್ವ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಒಂದು ಖಣ ಹಾಕಬೇಕು. ತುಂಬಿದ ಉಡಿಯನ್ನು ಚೆಲ್ಲುವುದೆಂದರೆ ಎರಡೂ ಮನೆಗೆ ಸಾವು ಕೋರಿದಂತೆ. ಆದ್ದರಿಂದ ತುಂಬಿದ ಮೇಲೆ ಕೈಬಿಡುವಂತಿಲ್ಲ. ಅತ್ತಿ ಮೊದಲು ಸೆರಗು ಒಡ್ಡಲಿಲ್ಲ. ಅವಳ ಅತ್ತೆಯೇ ಬಗ್ಗಿ ಸೆರಗಿನ ಎರಡು ತುದಿಗಳನ್ನು ಅವಳ ಎರಡು ಕೈಗೆ ಕೊಟ್ಟರು. ಅಜ್ಜಿ ಅಳುತ್ತ ಐದು ಸಲ ಬೊಗಸೆಯಲ್ಲಿ ಅಕ್ಕಿ ಹಾಕಿದಳು. ಸೊಟ್ಟ ಬೆರಳುಗಳ ಸಂದಿಯಿಂದ ಅಕ್ಕಿ ಸ್ವಲ್ಪ ಸೋರಿತು, ಅದನ್ನೂ ಅವ್ವ ಆರಿಸಿ ಹಾಕಿದಳು. ಆರತಿ ತಟ್ಟೆ ಅವಳ ಮುಖದ ಸುತ್ತ ಸುತ್ತಿತು. ಎಲ್ಲರೂ ಅವಳ ಸುತ್ತಲೇ ಓಡಾಡುತ್ತಿದ್ದರು, ಯಾರೂ ಅವಳನ್ನು ಹಿಡಿದಿರಲಿಲ್ಲ, ಯಾರೂ ಒಂದು ಗಟ್ಟಿ ಮಾತಾಡಲಿಲ್ಲ. ನಾನು ಕಾಯುತ್ತಿದ್ದೆ. ಈಗ ಶುರುಮಾಡುತ್ತಾಳೆ, ಈಗ. ವಾದ ಶುರುವಾಗಲೇ ಇಲ್ಲ. ಮಾತಾಡುವಾಗ ಅತ್ತಿಗೆ ಕೈ ಆಡಿಸಬೇಕಿತ್ತು. ಅವಳ ಎರಡೂ ಕೈಯಲ್ಲಿ ಅಕ್ಕಿಯಿತ್ತು. ಎದ್ದು ನಿಂತಾಗ ಕಂಕುಳಿನ ನೋಟುಬುಕ್ಕು ಜಾರಿ ಬಿತ್ತು. ಎತ್ತಿಕೊಟ್ಟೆ. ತೆಗೆದುಕೊಳ್ಳಲು ಅವಳಿಗೆ ಕೈಯಿರಲಿಲ್ಲ. ನನ್ನ ಮುಖ ನೋಡಿದಳು. ಹೊರಗೆ ಜೀಪು ನಿಂತಿತ್ತು. ಆ ಸಂಜೆ ಅಜ್ಜಿ ನನ್ನನ್ನು ಜೋಕಾಲಿ ಆಡು ಆಡು ಎಂದು ಒತ್ತಾಯ ಮಾಡಿದಳು. ಆಡಿದೆ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ನಿಜವಾಗಿಯೂ ಬಂದಳು, ಎಳೆ ಮೀಟುವವಳು. ನಾನು ಪಂಡಿತೆಯಲ್ಲ, ಪುಸ್ತಕದಲ್ಲಿದ್ದವಳು ಇವಳೇ ಎಂದು ಆಣೆ ಮಾಡಲಾರೆ. ಕಿಟಕಿಯ ಅದೇ ಮೂಲೆಯಲ್ಲಿ ಹೊಸ ಬಲೆಯೊಂದಿತ್ತು, ಅದರೊಳಗೆ ಉದ್ದ ಕಾಲಿನ ಒಡತಿ ತಲೆಕೆಳಗಾಗಿ ತೂಗುತ್ತಿದ್ದಳು. ಅಂಚಿನಲ್ಲಿ ಒಂದು ಕಸ ಸಿಕ್ಕಿಕೊಂಡಿದೆ ಅನಿಸಿತು; ಕಸ ಒಂದು ಕಾಲೆತ್ತಿತು. ಒಂದು ಎಳೆಯನ್ನು ಮೀಟಿತು. ಒಡತಿ ಅಲುಗಲಿಲ್ಲ. ಬೇರೆ ಥರ ಮೀಟಿತು, ಜೋರಾಗಿ. ಒಡತಿ ಅಲುಗಲಿಲ್ಲ. ಎರಡು ಕಾಲಿನಿಂದ, ಬಿಟ್ಟು ಬಿಟ್ಟು. ಇಲ್ಲ. ಅದಕ್ಕೆ ಬೇಸರವೇ ಇಲ್ಲ. ಒಂದಾದ ಮೇಲೊಂದು ಥರ ಮೀಟಿ ನೋಡುತ್ತದೆ. ಪ್ರೆಸ್ಸು ಬಿದ್ದು ಕಿಟಕಿಯೆಲ್ಲ ಅದುರಿದಾಗ ಆ ಅದುರಿನ ಮರೆಯಲ್ಲಿ ಎರಡು ಹೆಜ್ಜೆ ಒಳಗೆ ಬರುತ್ತದೆ, ಅದುರು ನಿಂತಾಗ ನಿಲ್ಲುತ್ತದೆ. ಕೊನೆಗೊಂದು ಸಲ, ಬಹಳ ಮೆತ್ತಗೆ, ಮೂರು ಸಣ್ಣ ಮೀಟು. ಒಡತಿ ತಿರುಗಿದಳು. ಆಮೇಲೆ ಅದು ಬೇರೆ ಯಾವುದನ್ನೂ ಪ್ರಯತ್ನಿಸಲಿಲ್ಲ. ಅದೇ ಮೂರು, ಅದೇ ಮೂರು. ಒಡತಿ ಒಂದೊಂದೇ ಕಾಲಿಟ್ಟು ಇಳಿದು ಬಂದಳು. ನಾನು ಕಿಟಕಿಯನ್ನು ಬಡಿದು ಎಬ್ಬಿಸಬಹುದಿತ್ತು. ಬಡಿಯಲಿಲ್ಲ. ಅಪ್ಪ ಹಾಸ್ಟೆಲಿನ ಗೇಟಿನಲ್ಲಿ ಮೀಟಿದ, ಅವ್ವ ಉಂಡಿಯಿಂದ ಮೀಟಿದಳು, ಅಜ್ಜಿ ಸಾವಿನಿಂದ. ಸರಿಯಾದ ಮೀಟು ಸಿಕ್ಕಿದ್ದು ನನಗೆ. ಎಲ್ಲ ಮುಗಿದು ಅದು ತಿನ್ನುತ್ತ ಕೂತಾಗ ಅತ್ತಿಯ ಭೂತಗನ್ನಡಿ ತಂದು ಹಿಡಿದೆ. ಮುಂದೆ ಎರಡು ದೊಡ್ಡವು, ಲಾರಿ ದೀಪದಂತೆ. ಪಕ್ಕದಲ್ಲಿ ಸಣ್ಣವು. ಎಣಿಸಿದೆ. ಎಂಟು. ಆಗ ನನಗೆ ಫೋನಿನ ಆ “ಆರಾ” ನೆನಪಾಯಿತು.

ಅಂದಿನಿಂದ ನಾನು ಈ ಮೊಕದ್ದಮೆಯ ಎರಡೂ ಕಡೆಯ ವಕೀಲೆ. ಅವಳಿಗೆ ಗೊತ್ತಾಗಲಿಲ್ಲ ಎಂಬ ಪಕ್ಷಕ್ಕೆ: ಚಪ್ಪಲಿ ಬಿಡಲಿಲ್ಲ, ನೇರ ಕಿಟಕಿಗೆ ಓಡಿದಳು, ನೋಟುಬುಕ್ಕು ತಂದಿದ್ದಳು. ಆ ನೋಟುಬುಕ್ಕು ನನ್ನ ಬಳಿಯಿದೆ; ಬಸ್ಸಿನ ಕುಲುಕಿಗೆ ಸೊಟ್ಟಗಾದ ಅಕ್ಷರದಲ್ಲಿ ಹೊಸ ಪುಟಕ್ಕೆ “ಹಿತ್ತಲ ಕಿಟಕಿ” ಎಂದು ಬರೆದಿದ್ದಾಳೆ. ಗೊತ್ತಾಗಿತ್ತು ಎಂಬ ಪಕ್ಷಕ್ಕೆ: ಅದೇ ಪುಟದಲ್ಲಿ ಕೆಳಗೆ “ಕಣ್ಣು:” ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ. ಎಂಟು ಎಂದು ನನಗೆ ಬಾಯಿಪಾಠ ಮಾಡಿಸಿದವಳು ಆರು ಎಂಬ ಮಾತನ್ನು ಹೇಗೆ ನುಂಗಿದಳು? ನೋಡದೆ ನಂಬಬೇಡ ಎಂದು ಕಲಿಸಿದವಳು ಒಂದು ಮಗುವಿನ ಮಾತಿಗೆ ಎರಡು ಬಸ್ಸು ಹತ್ತಿದಳೇಕೆ? ಎರಡು ಪಕ್ಷದಲ್ಲಿ ಯಾವುದು ಗೆದ್ದರೂ ನಾನು ಉಳಿಯುವುದಿಲ್ಲ. ಗೊತ್ತಾಗದಿದ್ದರೆ ನಾನು ಕೊಂದಂತೆ. ಗೊತ್ತಾಗಿದ್ದರೆ, ಉಪ್ಪಲ್‌ನ ಆ ಖೋಲಿಯಲ್ಲಿ ಒಬ್ಬಳೇ ಕೂತು ಎಂಥ ಎಳೆಗಾಗಿ ಕಾಯುತ್ತಿದ್ದಳು ಎಂಬುದನ್ನು ನನ್ನಿಂದ ಯೋಚಿಸಲು ಆಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ರಾಯಚೂರಿಗೆ ಹೋಗಿದ್ದೆ. ಅತ್ತಿಯ ಮನೆಯಲ್ಲಿ ಒಂದು ಬಲೆ ಇರಲಿಲ್ಲ. ಜಂತಿಯಲ್ಲಿ, ಕಿಟಕಿಯಲ್ಲಿ, ದೇವರ ಫೋಟೋ ಹಿಂದೆ ಕೂಡ ಹುಡುಕಿದೆ. ಮೂಲೆಯಲ್ಲಿ ಗಳಕ್ಕೆ ಕಟ್ಟಿದ ಕಸಬರಿಗೆ ನಿಂತಿತ್ತು. ಅವಳ ಬಲಗಿವಿ ಈಗ ಕೇಳಿಸುವುದಿಲ್ಲ. “ಬಚ್ಚಲದಾಗ ಜಾರಿ ಬಿದ್ದೆ” ಎಂದಳು. ಜಾರಿಸಿದವರು ಯಾರು ಎಂದು ಮೊದಲು ಕೇಳಬೇಕಿತ್ತು, ಕಲಿಸಿದ್ದಳು, ಕೇಳಲಿಲ್ಲ. ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ನಾನು ಅವಳ ಎಡಕ್ಕೆ, ಕೇಳಿಸುವ ಕಿವಿಯ ಕಡೆ ಕೂತು ಒಂದು ಪ್ರಶ್ನೆ ಕೇಳಿದೆ. ಆದ್ದರಿಂದ ಕೇಳಿಸಲಿಲ್ಲ ಎಂಬ ವಾದಕ್ಕೆ ಎಡೆಯಿಲ್ಲ. ಸೊಟ್ಟ ಬೆರಳು ಅಕ್ಕಿಯ ಮೇಲೆ ಒಂದು ಕ್ಷಣ ನಿಂತಿತು, ಮತ್ತೆ ಒಂದು ಕಲ್ಲು ಹುಡುಕಿ ತೆಗೆಯಿತು. ಬಸ್ಸಿನ ಹೊತ್ತಾಗುವವರೆಗೂ ಕಾದೆ. ಅಂದು ಕೇಳಿದ್ದನ್ನೇ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ, ಯಾರಾದರೂ ಓದಿ ಹೇಳಿಯಾರು ಎಂಬ ನಂಬಿಕೆಯಿಂದಲ್ಲ, ನನ್ನಲ್ಲಿ ಉಳಿದಿರುವ ಮಾತು ಇದೊಂದೇ ಎಂದು.

“ಅತ್ತಿ, ಅವತ್ತ ಫೋನಿನ್ಯಾಗ ನಾ ಆರು ಅಂದೆ. ನೀ ಮತ್ತೊಮ್ಮೆ ಕೇಳಿದಿ. ನಿನಗ ಆವಾಗಲೇ ಗೊತ್ತಾಗಿತ್ತು, ಹೌದಿಲ್ಲೋ? ಗೊತ್ತಾಗೀನೂ ಯಾಕ ಬಂದಿ?”